ಹಾರ್ಮೋನು ಪಟ್ಟಿಯಿಂದ ತಾಯಿ ಕಾರ್ಡಿನವರೆಗೆ: ಬೈತಖೋಲದಲ್ಲಿ ಒಂದು ಅಭ್ಯಾಸ ಪಾಠ

ತರಗತಿ: 10ನೇ
ವಿಷಯ: ವಿಜ್ಞಾನ (ಜೀವಶಾಸ್ತ್ರ ಭಾಗ)
ಘಟಕಗಳು: ಜೀವಕ್ರಿಯೆಗಳು, ನಿಯಂತ್ರಣ ಮತ್ತು ಸಹಭಾಗಿತ್ವ, ಜೀವಿಗಳು ಹೇಗೆ ಸಂತಾನೋತ್ಪತ್ತಿ ನಡೆಸುತ್ತವೆ?
ಉಪವಿಷಯ: ಗರ್ಭಿಣಿಯ ರಕ್ತದೊತ್ತಡ ಮತ್ತು ಅದರ ಹಿಂದೆ ಬಿದ್ದ ವೈದ್ಯ-ಸಂಶೋಧಕರು
ಅವಧಿ: 3 ಪೀರಿಯಡ್

ಈ ಪಾಠವನ್ನು ಏಕೆ ಆರಿಸಿಕೊಂಡೆ

ಶಾಲಾ ಇಂಟರ್ನ್‌ಶಿಪ್‌ಗೆ ನನಗೆ ದೊರೆತದ್ದು ಕಾರವಾರದ ಬೈತಖೋಲ ಬಂದರಿನ ಸಮೀಪದ ಒಂದು ಪ್ರೌಢಶಾಲೆ. ಮಕ್ಕಳಲ್ಲಿ ಹೆಚ್ಚಿನವರು ಮೀನುಗಾರರ ಮನೆಯವರು. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ. ವಿಜ್ಞಾನದಲ್ಲಿ ‘ಪುನರಾವರ್ತನೆಯ ಮೂರು ಪೀರಿಯಡ್ ನೀವೇ ಯೋಜಿಸಿ’ ಎಂದು ಮಾರ್ಗದರ್ಶಕ ಶಿಕ್ಷಕಿ ಹೇಳಿದಾಗ ನಾನು ಈ ವಿಷಯವನ್ನು ಎತ್ತಿಕೊಂಡೆ. ಅದಕ್ಕೆ ಕಾರಣವಿದೆ.

ನಾನು ಅಂಕೋಲಾ ಕಡೆಯ ಹಳ್ಳಿಯವಳು. ನಾನು ದ್ವಿತೀಯ ಪಿಯುಸಿ ವಿಜ್ಞಾನ ಓದುತ್ತಿದ್ದ ವರ್ಷ ಅಕ್ಕ ಚೊಚ್ಚಲ ಬಸುರಿಯಾಗಿ ತವರಿಗೆ ಬಂದಿದ್ದಳು. ಎಂಟನೇ ತಿಂಗಳಿಗೆ ಅವಳ ಪಾದ ಬಾತವು, ಆಮೇಲೆ ಮುಖ, ಕೈಬೆರಳು. ಉಂಗುರ ತೆಗೆಯಲು ಎಣ್ಣೆ ಹಚ್ಚಬೇಕಾಯಿತು. ‘ಮೊದಲ ಬಸಿರಿಗೆ ಬಾವು ಬರೂದೇಯ’ ಎಂದರು ಆಯಿ. ತಲೆನೋವು ಎಂದಾಗ ಅಮೃತಾಂಜನ ಹಚ್ಚಿದವಳು ನಾನು. ಮಳೆ ಜೋರಿದ್ದುದರಿಂದ ಆ ತಿಂಗಳ ತಪಾಸಣೆಗೆ ಹೋಗಿರಲಿಲ್ಲ. ನಾಲ್ಕನೇ ದಿನ ಅಕ್ಕನಿಗೆ ಸೆಳೆತ ಬಂತು. ಆಸ್ಪತ್ರೆಗೆ ಒಯ್ದೆವು. ಅಕ್ಕ ಉಳಿದಳು, ಮಗು ಉಳಿಯಲಿಲ್ಲ. ಅದೇ ವಾರ ನನಗೆ ಹಾರ್ಮೋನುಗಳ ಕಿರುಪರೀಕ್ಷೆ ಇತ್ತು. ಗ್ರಂಥಿ, ಹಾರ್ಮೋನು, ಕಾರ್ಯ ಎಂಬ ಮೂರು ಕಲಮಿನ ಪಟ್ಟಿ ನನಗೆ ಪೂರ್ತಿ ಬಾಯಿಪಾಠವಿತ್ತು. ಎದುರಿಗೆ ಕುಳಿತ ಅಕ್ಕನ ಮುಖ ಓದಲು ಮಾತ್ರ ಆ ಪಟ್ಟಿ ಉಪಯೋಗಕ್ಕೆ ಬರಲಿಲ್ಲ.

ಈ ಘಟಕ ಕಲಿತ ಮಗು ಮನೆಯಲ್ಲಿರುವ ಗರ್ಭಿಣಿಯ ಬಗ್ಗೆ ಒಂದು ಸರಿಯಾದ ಪ್ರಶ್ನೆ ಕೇಳುವಂತಾಗಬೇಕು. ನನ್ನ ಪಾಠದ ಮುಖ್ಯ ಉದ್ದೇಶ ಇದೊಂದೇ.

ಮೊದಲ ಪೀರಿಯಡ್: ಎಡವಿದ್ದು

ಪಾಠಯೋಜನೆಯಲ್ಲಿ ನಾನು ‘ವಿಜ್ಞಾನಿಯ ಜೀವನ ಪರಿಚಯ’ ಎಂಬ ವಿಧಾನ ಬರೆದಿದ್ದೆ. ಆರಿಸಿಕೊಂಡದ್ದು ನಮ್ಮ ನೆರೆಜಿಲ್ಲೆ ಬೆಳಗಾವಿಯ ಡಾ. ಶಿವಪ್ರಸಾದ ಗೌಡರ ಅವರನ್ನು. ಅವರು ಕೆ.ಎಲ್.ಇ. ಸಂಸ್ಥೆಯ ಜವಾಹರಲಾಲ್ ನೆಹರು ವೈದ್ಯಕೀಯ ಮಹಾವಿದ್ಯಾಲಯದಲ್ಲಿ ಶರೀರಕ್ರಿಯಾಶಾಸ್ತ್ರದ ಪ್ರಾಧ್ಯಾಪಕರಾಗಿ, ತಾಯಿ-ಮಕ್ಕಳ ಆರೋಗ್ಯ ಸಂಶೋಧನೆಯ ಮುಂದಾಳುಗಳಲ್ಲಿ ಒಬ್ಬರಾಗಿ ಕೆಲಸ ಮಾಡಿದವರು. ಚಾರ್ಟಿನಲ್ಲಿ ಹುದ್ದೆ, ಸಂಶೋಧನೆಯ ಹೆಸರು, ವರ್ಷ ಎಲ್ಲ ಬರೆದು ತೂಗುಹಾಕಿ ಇಪ್ಪತ್ತು ನಿಮಿಷ ವಿವರಿಸಿದೆ. ಮಕ್ಕಳು ಶಾಂತವಾಗಿ ಕೇಳಿದರು. ‘ಗರ್ಭಿಣಿ’ ಎಂಬ ಮಾತು ಬಂದಾಗ ಹಿಂದಿನ ಬೆಂಚಿನಲ್ಲಿ ನಗು. ಕೊನೆಯಲ್ಲಿ ‘ಪ್ರಶ್ನೆಗಳಿವೆಯೇ’ ಎಂದೆ. ಒಬ್ಬನೇ ಎದ್ದ: ‘ಟೀಚರ್, ಇದು ಪರೀಕ್ಷೆಗೆ ಬರ್ತದಾ?’

ಮಾರ್ಗದರ್ಶಕ ಶಿಕ್ಷಕಿ ವೀಕ್ಷಣಾ ಪುಸ್ತಕದಲ್ಲಿ ಒಂದೇ ಸಾಲು ಬರೆದರು: ‘ಮಕ್ಕಳಿಗೆ ಅವರ ಪದವಿ ಗೊತ್ತಾಯಿತು, ಅವರ ಪ್ರಶ್ನೆ ಗೊತ್ತಾಗಲಿಲ್ಲ.’

ಆ ರಾತ್ರಿ ಪಾಠಯೋಜನೆ ತಿರುವಿ ಬರೆದೆ. ಸಂಶೋಧಕರನ್ನು ಮುಂದಿಡುವ ಬದಲು ಅವರು ಎದುರಿಸಿದ ಪ್ರಶ್ನೆಗಳನ್ನು ಒಂದಾದ ಮೇಲೊಂದು ಮುಂದಿಡುವುದು, ಉತ್ತರಕ್ಕೆ ಮಕ್ಕಳು ತಡಕಾಡಿದ ಮೇಲೆ ಹೆಸರು ಹೇಳುವುದು ಎಂದು ತೀರ್ಮಾನಿಸಿದೆ.

ಎರಡನೇ ಪೀರಿಯಡ್: ಒತ್ತಡ ಏಕೆ ಏರುತ್ತದೆ?

ಪೂರ್ವಜ್ಞಾನ ಪರೀಕ್ಷೆ. ಬೋಟು ತೊಳೆಯುವ ಪೈಪಿನ ಬಾಯಿಯನ್ನು ಹೆಬ್ಬೆರಳಿನಿಂದ ಅರ್ಧ ಮುಚ್ಚಿದರೆ ಏನಾಗುತ್ತದೆ ಎಂದು ಕೇಳಿದೆ. ‘ನೀರು ದೂರ ಹಾರ್ತದೆ.’ ‘ಪೂರ್ತಿ ಮುಚ್ಚಿದರೆ?’ ಹಿಂದಿನ ಬೆಂಚಿನಲ್ಲಿ ನಕ್ಕ ಹುಡುಗನೇ ಉತ್ತರಿಸಿದ: ‘ಪಂಪಿನ ಹತ್ರದ ಜೋಡಣೆ ಕಳಚಿ ಹೋಗ್ತದೆ ಟೀಚರ್. ನಮ್ಮ ಬೋಟಿನಲ್ಲಿ ಆಗಿದೆ.’ ಅವನ ಮಾತನ್ನೇ ಕಪ್ಪುಹಲಗೆಯ ಮೇಲೆ ಬರೆದೆ: ಮುಂದೆ ದಾರಿ ಕಿರಿದಾದರೆ ಹಿಂದೆ ಒತ್ತಡ ಏರುತ್ತದೆ.

ಅನಂತರ ಪುಸ್ತಕದ ಎರಡು ಜಾಗ ತೆರೆಸಿದೆ. ‘ಜೀವಕ್ರಿಯೆಗಳು’ ಘಟಕದ ಚೌಕದಲ್ಲಿ ರಕ್ತದೊತ್ತಡ 120/80 ಎಂದೂ, ಕಿರು ಅಪಧಮನಿಗಳು ಸಂಕುಚಿಸಿದರೆ ಅದು ಏರುತ್ತದೆ ಎಂದೂ ಇದೆ. ‘ನಿಯಂತ್ರಣ ಮತ್ತು ಸಹಭಾಗಿತ್ವ’ದಲ್ಲಿ ಅಡ್ರಿನಾಲಿನ್ ಬಿಡುಗಡೆಯಾದಾಗ ಚಿಕ್ಕ ಅಪಧಮನಿಗಳ ಸುತ್ತಲ ಸ್ನಾಯು ಸಂಕುಚಿಸುತ್ತದೆ ಎಂದಿದೆ. ಎರಡನ್ನೂ ಜೋಡಿಸಿ ಒಂದು ವಾಕ್ಯ ಮಾಡಿ ಎಂದೆ. ಹೆಚ್ಚಿನವರು ತಾವಾಗಿಯೇ ಬರೆದರು: ಹಾರ್ಮೋನು ರಕ್ತನಾಳವನ್ನು ಕಿರಿದುಗೊಳಿಸಿ ಒತ್ತಡ ಏರಿಸಬಲ್ಲದು. ಎರಡು ಘಟಕಗಳ ನಡುವಿನ ಈ ಸಂಬಂಧವನ್ನು ಪುಸ್ತಕ ಬಿಡಿಸಿ ಹೇಳುವುದಿಲ್ಲ. ಅದನ್ನು ಮಕ್ಕಳೇ ಕಟ್ಟಿದರು.

ಇಲ್ಲಿ ಮೊದಲ ಸಂಶೋಧನಾ ಪ್ರಶ್ನೆ ಇಟ್ಟೆ. ನಮ್ಮ ದೇಹದಲ್ಲಿ ಆಂಜಿಯೊಟೆನ್ಸಿನ್ ಎಂಬ ಇನ್ನೊಂದು ಹಾರ್ಮೋನಿದೆ, ಅದೂ ರಕ್ತನಾಳಗಳನ್ನು ಬಿಗಿಯುತ್ತದೆ. ಗರ್ಭಿಣಿಯ ದೇಹದಲ್ಲಿ ರಕ್ತದ ಪ್ರಮಾಣ ಹೆಚ್ಚುತ್ತದೆ, ಈ ಹಾರ್ಮೋನಿನ ಪ್ರಮಾಣವೂ ಹೆಚ್ಚುತ್ತದೆ. ಹಾಗಿದ್ದರೆ ಎಲ್ಲ ಗರ್ಭಿಣಿಯರಿಗೂ ಒತ್ತಡ ಏರಬೇಕಿತ್ತಲ್ಲ? ಮಕ್ಕಳು ಯೋಚಿಸಿದರು. ಒಬ್ಬಳು ‘ನಾಳಗಳು ಅದರ ಮಾತು ಕೇಳೂದಿಲ್ಲ ಅನಿಸ್ತದೆ’ ಎಂದಳು. ಅದೇ ಸರಿಯಾದ ಉತ್ತರ! ಸಹಜ ಗರ್ಭಧಾರಣೆಯಲ್ಲಿ ರಕ್ತನಾಳಗಳು ಆಂಜಿಯೊಟೆನ್ಸಿನ್‌ಗೆ ಅಷ್ಟಾಗಿ ಬಗ್ಗುವುದಿಲ್ಲ. 1973ರಲ್ಲಿ ಅಮೆರಿಕದ ಡಲ್ಲಾಸ್‌ನ ನಾರ್ಮನ್ ಗ್ಯಾಂಟ್ ಮತ್ತು ಸಂಗಡಿಗರು ಚೊಚ್ಚಲ ಗರ್ಭಿಣಿಯರನ್ನು ತಿಂಗಳುಗಟ್ಟಲೆ ಹಿಂಬಾಲಿಸಿ ಇದನ್ನು ಅಳೆದರು. ಮುಂದೆ ರಕ್ತದೊತ್ತಡದ ಕಾಯಿಲೆ ಬಂದವರಲ್ಲಿ ಈ ತಡೆಯುವ ಶಕ್ತಿ ಒತ್ತಡ ಏರುವುದಕ್ಕೂ ಎಷ್ಟೋ ವಾರ ಮೊದಲೇ ಕುಂದತೊಡಗಿತ್ತು. ಅಂದರೆ ಕಾಯಿಲೆ ಕಣ್ಣಿಗೆ ಕಾಣುವ ಮುನ್ನವೇ ಒಳಗೆ ಶುರುವಾಗಿರುತ್ತದೆ.

ಎರಡನೇ ಪ್ರಶ್ನೆ: ಶುರುವಾಗುವುದು ಎಲ್ಲಿಂದ? ಸುಳಿವಾಗಿ ಒಂದು ಸಂಗತಿ ಕೊಟ್ಟೆ. ಈ ಕಾಯಿಲೆ ಕೊನೆಗೊಳ್ಳುವುದು ಹೆರಿಗೆಯಾಗಿ ಜರಾಯು, ಅಂದರೆ ಮಾಸು, ಹೊರಬಂದ ಮೇಲೆ. ಒತ್ತಡ ಇಳಿಯಲು ಅನಂತರವೂ ಕೆಲವು ದಿನ, ಕೆಲವೊಮ್ಮೆ ವಾರಗಳು ಬೇಕು. ಮೂರನೇ ಘಟಕದ ಜರಾಯುವಿನ ವಿವರಣೆ ನೋಡಿ ಎಂದೆ. ‘ಹಾಗಾದರೆ ಮಾಸಿನಿಂದಲೇ’ ಎಂದು ನಾಲ್ಕೈದು ಜನ ಒಟ್ಟಿಗೆ ಹೇಳಿದರು.

2003ರಲ್ಲಿ ಬಾಸ್ಟನ್ನಿನಲ್ಲಿ ಕೆಲಸ ಮಾಡುತ್ತಿದ್ದ ಭಾರತ ಮೂಲದ ಮೂತ್ರಪಿಂಡ ತಜ್ಞ ಡಾ. ಅನಂತ್ ಕರುಮಂಚಿ ಅವರ ತಂಡ ಇದಕ್ಕೊಂದು ಉತ್ತರ ಪ್ರಕಟಿಸಿತು. ಕಾಯಿಲೆ ಇರುವವರ ಜರಾಯು ‘ಎಸ್‌ಫ್ಲಿಟ್-1’ ಎಂಬ ಪ್ರೋಟೀನನ್ನು ಅತಿಯಾಗಿ ತಾಯಿಯ ರಕ್ತಕ್ಕೆ ಬಿಡುತ್ತದೆ. ರಕ್ತನಾಳಗಳ ಒಳಪದರವನ್ನು ಆರೋಗ್ಯವಾಗಿಡುವ ಬೆಳವಣಿಗೆ ಅಂಶಗಳನ್ನು ಅದು ಹಿಡಿದು ಕಟ್ಟಿಹಾಕುತ್ತದೆ. ಈ ಪ್ರೋಟೀನನ್ನು ಇಲಿಗಳಲ್ಲಿ ಹೆಚ್ಚಿಸಿದಾಗ ಅವುಗಳಿಗೂ ರಕ್ತದೊತ್ತಡ ಏರಿತು, ಮೂತ್ರದಲ್ಲಿ ಪ್ರೋಟೀನ್ ಕಾಣಿಸಿತು. ‘ಹಾಗಾದರೆ ಇದೂ ಹಾರ್ಮೋನೇ ಟೀಚರ್?’ ಎಂದು ಒಬ್ಬಳು ಕೇಳಿದಳು. ಇದನ್ನು ಹಾರ್ಮೋನುಗಳ ಪಟ್ಟಿಯಲ್ಲಿ ಸೇರಿಸುವುದಿಲ್ಲ. ಆದರೆ ಒಂದು ಅಂಗದಿಂದ ಹೊರಟು ರಕ್ತದಲ್ಲಿ ಸಾಗಿ ದೂರದ ಅಂಗಗಳ ಮೇಲೆ ಕೆಲಸ ಮಾಡುವ ರೀತಿ ಹಾರ್ಮೋನಿನದೇ ಎಂದೆ. ಮೂರು ಪೀರಿಯಡ್‌ಗಳಲ್ಲಿ ನನಗೆ ಅತ್ಯಂತ ಸಂತೋಷ ಕೊಟ್ಟ ಪ್ರಶ್ನೆ ಇದು.

ಕಪ್ಪುಹಲಗೆಯ ಸಾರಾಂಶ ಹೀಗಿತ್ತು:

• ಪ್ರಿಎಕ್ಲಾಂಪ್ಸಿಯಾ: ಗರ್ಭಧಾರಣೆಯ 20 ವಾರಗಳ ನಂತರ ಹೊಸದಾಗಿ ರಕ್ತದೊತ್ತಡ 140/90 ಅಥವಾ ಅದಕ್ಕಿಂತ ಹೆಚ್ಚಾಗುವುದು; ಜೊತೆಗೆ ಮೂತ್ರದಲ್ಲಿ ಪ್ರೋಟೀನ್ ಅಥವಾ ಬೇರೆ ಅಂಗಗಳಿಗೆ ತೊಂದರೆ.
• ಎಚ್ಚರಿಕೆಯ ಚಿಹ್ನೆಗಳು: ಬಿಡದ ತಲೆನೋವು, ಕಣ್ಣು ಮಂಜಾಗುವುದು, ಹೊಟ್ಟೆಯ ಮೇಲ್ಭಾಗದಲ್ಲಿ ನೋವು, ಮುಖ ಮತ್ತು ಕೈ ತಟ್ಟನೆ ಬಾಯುವುದು.
• ಸೆಳೆತ ಬಂದರೆ ಅದು ಎಕ್ಲಾಂಪ್ಸಿಯಾ. ತಾಯಿ-ಮಗು ಇಬ್ಬರ ಜೀವಕ್ಕೂ ಅಪಾಯ.
• ಆರಂಭದಲ್ಲಿ ಯಾವ ಚಿಹ್ನೆಯೂ ಇಲ್ಲದಿರಬಹುದು. ಅಳೆದರೆ ಮಾತ್ರ ತಿಳಿಯುತ್ತದೆ.

ಮೂರನೇ ಪೀರಿಯಡ್: ಅಳೆಯುವುದು, ಮತ್ತೆ ಮತ್ತೆ ಅಳೆಯುವುದು

ಚಟುವಟಿಕೆ 1. ಸಹಪ್ರಶಿಕ್ಷಣಾರ್ಥಿಯೊಬ್ಬರ ಮನೆಯಿಂದ ಡಿಜಿಟಲ್ ಬಿಪಿ ಯಂತ್ರ ತಂದಿದ್ದೆ. ಮಕ್ಕಳ ಒತ್ತಡ ಅಳೆಯಲಿಲ್ಲ, ನನ್ನದನ್ನೇ ಅಳೆಯಲು ಹೇಳಿದೆ. ಕುಳಿತಾಗ 118/76. ಮೆಟ್ಟಿಲು ಹತ್ತಿ ಇಳಿದು ಬಂದ ಕೂಡಲೇ 134/80. ಐದು ನಿಮಿಷ ಬಿಟ್ಟು 120/78. ‘ಯಾವುದು ಸರಿ?’ ಎಂಬ ಚರ್ಚೆ ನಡೆಯಿತು. ವಿಶ್ರಾಂತಿಯ ನಂತರ ಅಳೆಯಬೇಕು, ಹೆಚ್ಚು ಬಂದರೆ ಕೆಲವು ಗಂಟೆ ಬಿಟ್ಟು ಮತ್ತೆ ಅಳೆಯಬೇಕು ಎಂಬ ನಿಯಮದ ಕಾರಣ ಮಕ್ಕಳಿಗೆ ತಾನಾಗಿ ಹೊಳೆಯಿತು. ಒತ್ತಡ ತೀರಾ ಹೆಚ್ಚು, ಅಂದರೆ 160/110ರಷ್ಟು ಇದ್ದರೆ ಕಾಯುತ್ತ ಕೂರಬಾರದು ಎಂಬುದನ್ನೂ ಸೇರಿಸಿದೆ.

ಚಟುವಟಿಕೆ 2. ನಾನೇ ರಚಿಸಿದ ಒಂದು ಕಾಲ್ಪನಿಕ ತಾಯಿ ಕಾರ್ಡ್ ಕೊಟ್ಟು ಗ್ರಾಫ್ ಬರೆಸಿದೆ. 12ನೇ ವಾರ 110/70, 20ನೇ ವಾರ 108/68, 26ನೇ ವಾರ 116/74, 32ನೇ ವಾರ 130/84, 35ನೇ ವಾರ 146/94. ಅರ್ಧ ತರಗತಿಗೆ ಮೊದಲ ಮೂರು ಅಳತೆ ಮಾತ್ರ, ಉಳಿದರ್ಧಕ್ಕೆ ಐದೂ ಅಳತೆ. ಮೊದಲ ಗುಂಪು ‘ಎಲ್ಲ ಸರಿಯಿದೆ’ ಎಂದು ಬರೆಯಿತು. ಎರಡನೇ ಗುಂಪು ‘ಆಸ್ಪತ್ರೆಗೆ ಹೋಗಬೇಕು’ ಎಂದು ಬರೆಯಿತು. ಇಬ್ಬರದೂ ಒಬ್ಬಳದೇ ಕಾರ್ಡ್ ಎಂದು ನಾನು ತಿಳಿಸಿದಾಗ ತರಗತಿ ಸ್ತಬ್ಧವಾಯಿತು. ನನಗೂ ಒಂದು ಕ್ಷಣ ಮಾತು ಬರಲಿಲ್ಲ. ನಮ್ಮ ಅಕ್ಕನ ಕಾರ್ಡಿನಲ್ಲಿಯೂ ಕೊನೆಯ ಸಾಲು ಖಾಲಿಯಿತ್ತು.

ಈಗ ಮೂರನೇ ಪ್ರಶ್ನೆ: ಆಸ್ಪತ್ರೆ ದೂರವಿರುವ ಹಳ್ಳಿಯಲ್ಲಿ ಇದನ್ನು ಅಳೆಯುವವರು ಯಾರು? ಇಲ್ಲಿಗೆ ಡಾ. ಗೌಡರ ಅವರನ್ನು ಮತ್ತೆ ಕರೆತಂದೆ.

ಬೆಳಗಾವಿ ತಂಡದ ಕೆಲಸದ ಹಾದಿ ರಕ್ತದೊತ್ತಡದಿಂದ ಶುರುವಾದದ್ದಲ್ಲ. ಹೆರಿಗೆಯ ನಂತರದ ರಕ್ತಸ್ರಾವ ತಡೆಯುವ ಮಿಸೊಪ್ರೊಸ್ಟಾಲ್ ಮಾತ್ರೆಯನ್ನು ಹಳ್ಳಿಯ ಶುಶ್ರೂಷಕಿಯರೇ ಕೊಡಬಹುದೇ ಎಂದು ಡಾ. ಭಾಲಚಂದ್ರ ಕೊಡ್ಕಣಿ, ಡಾ. ಗೌಡರ, ಡಾ. ಮೃತ್ಯುಂಜಯ ಬೆಲ್ಲದ ಮೊದಲಾದವರು ಬೆಳಗಾವಿ ಜಿಲ್ಲೆಯ 1,620 ಹೆರಿಗೆಗಳಲ್ಲಿ ಪರೀಕ್ಷಿಸಿದರು. ಮಿಸೊಪ್ರೊಸ್ಟಾಲ್ ಕೂಡ ಪ್ರೊಸ್ಟಗ್ಲಾಂಡಿನ್ ಎಂಬ, ಹಾರ್ಮೋನಿನಂತೆ ಕೆಲಸ ಮಾಡುವ ವಸ್ತುವಿನ ಕೃತಕ ರೂಪ. ಅತಿ ರಕ್ತಸ್ರಾವ ಶೇ. 12ರಿಂದ ಶೇ. 6.4ಕ್ಕೆ ಇಳಿಯಿತು. ಇದು 2006ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ದೊಡ್ಡಾಸ್ಪತ್ರೆಯ ವಿದ್ಯೆಯನ್ನು ಮನೆಬಾಗಿಲಿನ ಕಾರ್ಯಕರ್ತೆಯ ಕೈಗೆ ದಾಟಿಸಬಹುದು ಎಂಬುದಕ್ಕೆ ಇಲ್ಲಿ ಪುರಾವೆ ಸಿಕ್ಕಿತು.

ಅದೇ ಯೋಚನೆಯನ್ನು ರಕ್ತದೊತ್ತಡಕ್ಕೆ ಅನ್ವಯಿಸಿದ್ದು ‘ಕ್ಲಿಪ್’ ಎಂಬ ಅಧ್ಯಯನ. ಭಾರತದಲ್ಲಿ ಅದು ನಡೆದದ್ದು ನಮ್ಮ ಬೆಳಗಾವಿ ಮತ್ತು ಬಾಗಲಕೋಟೆ ಜಿಲ್ಲೆಗಳಲ್ಲಿ. ಪಾಕಿಸ್ತಾನ ಮತ್ತು ಮೊಜಾಂಬಿಕ್‌ನಲ್ಲಿಯೂ ನಡೆಯಿತು. ಆರೋಗ್ಯ ಕಾರ್ಯಕರ್ತೆಯರು ಗರ್ಭಿಣಿಯ ಮನೆಗೆ ಹೋಗಿ ಒತ್ತಡ ಅಳೆದು, ಅಗತ್ಯವಿದ್ದರೆ ಒತ್ತಡ ಇಳಿಸುವ ಮಾತ್ರೆ, ಸೆಳೆತ ತಡೆಯುವ ಮೆಗ್ನೀಸಿಯಂ ಸಲ್ಫೇಟ್ ಚುಚ್ಚುಮದ್ದು ಕೊಟ್ಟು ಆಸ್ಪತ್ರೆಗೆ ಕಳಿಸುವ ಏರ್ಪಾಡು. ಈ ಚುಚ್ಚುಮದ್ದು ಎಕ್ಲಾಂಪ್ಸಿಯಾದ ಅಪಾಯವನ್ನು ಅರ್ಧಕ್ಕಿಂತ ಕೆಳಗೆ ಇಳಿಸುತ್ತದೆ ಎಂಬುದು 33 ದೇಶಗಳ ಅಧ್ಯಯನದಿಂದ 2002ರಲ್ಲಿಯೇ ಸಾಬೀತಾಗಿತ್ತು.

‘ಫಲಿತಾಂಶ ಏನಾಗಿರಬಹುದು?’ ಎಂದು ಊಹಿಸಲು ಹೇಳಿದೆ. ಎಲ್ಲರೂ ‘ಯಶಸ್ವಿ’ ಎಂದು ಕೈ ಎತ್ತಿದರು. ಆದರೆ 2020ರಲ್ಲಿ ಮೂರೂ ದೇಶಗಳ ಅರವತ್ತು ಸಾವಿರಕ್ಕೂ ಹೆಚ್ಚು ಗರ್ಭಿಣಿಯರ ಲೆಕ್ಕ ಒಟ್ಟುಗೂಡಿಸಿದಾಗ ತಾಯಿ-ಮಗುವಿನ ಸಾವು-ನೋವುಗಳಲ್ಲಿ ಒಟ್ಟಾರೆ ಇಳಿಕೆ ಕಾಣಲಿಲ್ಲ. ಮಕ್ಕಳ ಮುಖ ಸಪ್ಪಗಾಯಿತು. ಅಷ್ಟಕ್ಕೇ ಬಿಡದೆ ಸಂಶೋಧಕರು ಇನ್ನೊಂದು ರೀತಿಯಲ್ಲಿ ನೋಡಿದರು: ಯಾರ ಮನೆಗೆ ಎಷ್ಟು ಸಲ ಭೇಟಿ ಆಗಿದೆ? ಎಂಟು ಅಥವಾ ಹೆಚ್ಚು ಭೇಟಿ ಪಡೆದವರಲ್ಲಿ ಮೃತಜನನ ಮತ್ತು ನವಜಾತ ಶಿಶುಗಳ ಸಾವು ಕಡಿಮೆಯಿತ್ತು. ಆದರೆ ಇದನ್ನು ಪೂರ್ತಿ ಪುರಾವೆ ಎನ್ನುವಂತಿಲ್ಲ. ತಿಂಗಳು ತುಂಬುವ ಮೊದಲೇ ಹೆರಿಗೆಯಾದವರಿಗೆ ಭೇಟಿಗಳೂ ಕಡಿಮೆಯೇ ಆಗಿರುತ್ತವಲ್ಲ? ಈ ತೊಡಕನ್ನೂ ಮಕ್ಕಳ ಮುಂದಿಟ್ಟೆ. ವಿಶ್ವ ಆರೋಗ್ಯ ಸಂಸ್ಥೆಯೂ 2016ರಿಂದ ಗರ್ಭಿಣಿಗೆ ಕನಿಷ್ಠ ಎಂಟು ತಪಾಸಣೆ ಬೇಕು ಎನ್ನುತ್ತಿದೆ.

ಕೊನೆಯದಾಗಿ ತಡೆಗಟ್ಟುವ ಪ್ರಯತ್ನಗಳು. ಡಾ. ಗೌಡರ ಅವರೂ ಸೇರಿದ್ದ ಆರು ದೇಶಗಳ ತಂಡ ಸುಮಾರು 12,000 ಚೊಚ್ಚಲ ಗರ್ಭಿಣಿಯರಲ್ಲಿ ದಿನಕ್ಕೆ 81 ಮಿಲಿಗ್ರಾಂ ಆಸ್ಪಿರಿನ್ ಪರೀಕ್ಷಿಸಿತು. ಅವಧಿಗೆ ಮುನ್ನ ಹೆರಿಗೆ ಶೇ. 13.1ರಿಂದ ಶೇ. 11.6ಕ್ಕೆ ಇಳಿದುದನ್ನು 2020ರಲ್ಲಿ ಪ್ರಕಟಿಸಿತು. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯವರು 11,000 ಚೊಚ್ಚಲ ಗರ್ಭಿಣಿಯರಲ್ಲಿ ದಿನಕ್ಕೆ 1,500 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕೋ, 500 ಸಾಕೋ ಎಂದು ನೋಡಿದರು. 500 ಪಡೆದವರಲ್ಲಿ ಪ್ರಿಎಕ್ಲಾಂಪ್ಸಿಯಾ ಶೇ. 3.0, 1,500 ಪಡೆದವರಲ್ಲಿ ಶೇ. 3.6. ಅಂದರೆ ಕಡಿಮೆ ಪ್ರಮಾಣವೂ ಹೆಚ್ಚಿನ ಪ್ರಮಾಣಕ್ಕೆ ಕಮ್ಮಿಯೇನಲ್ಲ ಎಂದಾಯಿತು. ಇದು 2024ರಲ್ಲಿ ಪ್ರಕಟವಾಯಿತು. ‘ಆಸ್ಪಿರಿನ್ ಆಗಲಿ ಕ್ಯಾಲ್ಸಿಯಂ ಆಗಲಿ ವೈದ್ಯರು ಹೇಳದೆ ಯಾರಿಗೂ ಕೊಡುವಂತಿಲ್ಲ’ ಎಂಬ ವಾಕ್ಯವನ್ನು ಮಕ್ಕಳಿಂದ ಎರಡು ಸಲ ಓದಿಸಿದೆ.

ಮೌಲ್ಯಮಾಪನ

ಗೃಹಕಾರ್ಯಕ್ಕೆ ‘ಮನೆಯ ಗರ್ಭಿಣಿಯ ಮಾಹಿತಿ ಬರೆದು ತನ್ನಿ’ ಎಂದು ಹೇಳಲಿಲ್ಲ. ಅದು ಅವರವರ ಮನೆಯ ಸ್ವಂತ ವಿಷಯ. ‘ಮನೆಯಲ್ಲಿ ಅಥವಾ ನೆರೆಯಲ್ಲಿ ಕೇಳಬಹುದಾದ ಮೂರು ಪ್ರಶ್ನೆ ಬರೆಯಿರಿ’ ಎಂದೆ. ಬಂದ ಪ್ರಶ್ನೆಗಳಲ್ಲಿ ಕೆಲವು: ಈ ತಿಂಗಳು ಬಿಪಿ ನೋಡಿದ್ದಾರಾ? ಎಷ್ಟು ಬಂತು, ಕಾರ್ಡಿನಲ್ಲಿ ಬರೆದಿದ್ದಾರಾ? ಮೂತ್ರ ಪರೀಕ್ಷೆ ಆಯ್ತಾ? ಪ್ರತಿ ತಿಂಗಳ 9ರಂದು ಸರಕಾರಿ ಆಸ್ಪತ್ರೆಯಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ಇರುವುದು ಗೊತ್ತುಂಟಾ? ತಲೆನೋವು ಬಿಡದಿದ್ದರೆ 108ಕ್ಕೆ ಫೋನ್ ಮಾಡಲು ಯಾರ ಹತ್ತಿರ ಮೊಬೈಲ್ ಇರುತ್ತದೆ? ಕೊನೆಯ ಪ್ರಶ್ನೆ ಬರೆದವನು ಪೈಪಿನ ಉತ್ತರ ಹೇಳಿದ ಹುಡುಗ. ಅವನ ಅಪ್ಪ, ಅಣ್ಣ ಇಬ್ಬರೂ ಬೋಟಿಗೆ ಹೋಗುತ್ತಾರೆ, ಮೊಬೈಲೂ ಅವರ ಜೊತೆ ಸಮುದ್ರಕ್ಕೆ ಹೋಗುತ್ತದೆ. ಇಂಥ ಪ್ರಶ್ನೆ ನನ್ನ ಪಾಠಯೋಜನೆಯಲ್ಲಿ ಎಲ್ಲಿಯೂ ಇರಲಿಲ್ಲ.

ಮರುವಾರ ಒಬ್ಬ ಹುಡುಗಿ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದಳು. ಅವಳ ಅತ್ತಿಗೆಗೆ ಕಾಲು ಬಾತಿತ್ತು. ಇವಳು ಹಟ ಹಿಡಿದು ಆಶಾ ಕಾರ್ಯಕರ್ತೆಯನ್ನು ಕರೆಸಿ ಬಿಪಿ ನೋಡಿಸಿದ್ದಳು. ‘116/74 ಬಂತು ಟೀಚರ್. ಏನೂ ಇರಲಿಲ್ಲ. ಮನೆಯಲ್ಲಿ ನನಗೇ ನಗಾಡಿದರು’ ಎಂದಳು, ತಾನೇನೋ ತಪ್ಪು ಮಾಡಿದವಳಂತೆ. ನಾನು ಅವಳಿಗೆ ಕಾಲ್ಪನಿಕ ಕಾರ್ಡಿನ ಗ್ರಾಫ್ ನೆನಪಿಸಿದೆ. ‘ನಿನ್ನ ಅತ್ತಿಗೆಯ ಕಾರ್ಡಿನಲ್ಲಿ ಒಂದು ಸಾಲು ತುಂಬಿತಲ್ಲ. ಮುಂದಿನ ಸಾಲು ಯಾವಾಗ?’ ಅವಳು ತಕ್ಷಣ ತಾರೀಖು ಹೇಳಿದಳು.

ಆತ್ಮಾವಲೋಕನ

1. ಜೀವನ ಪರಿಚಯ ವಿಧಾನದಲ್ಲಿ ವ್ಯಕ್ತಿಯ ಸಾಧನೆಯಿಂದ ಶುರುಮಾಡಿದರೆ ಮಕ್ಕಳು ಕೇಳುಗರಾಗಿ ಉಳಿಯುತ್ತಾರೆ. ಸಂಶೋಧಕರ ಪ್ರಶ್ನೆಯಿಂದ ಶುರುಮಾಡಿದರೆ ಜೊತೆಗೆ ಹುಡುಕುತ್ತಾರೆ. ನನ್ನ ಮೊದಲ ಪೀರಿಯಡ್ ಮತ್ತು ಉಳಿದೆರಡರ ನಡುವಿನ ವ್ಯತ್ಯಾಸ ಇಷ್ಟೇ.

2. ನಿರೀಕ್ಷಿಸಿದ ಫಲ ಬಾರದ ಅಧ್ಯಯನವನ್ನೂ ಪಾಠದಲ್ಲಿ ಸೇರಿಸಬೇಕು. ‘ಕ್ಲಿಪ್’ ಕಥೆ ಇಲ್ಲದಿದ್ದರೆ ಎಂಟು ಭೇಟಿಗಳ ಮಾತು ಬರುತ್ತಲೇ ಇರಲಿಲ್ಲ.

3. ಪೈಪಿನ ಉದಾಹರಣೆಗೆ ಮಿತಿಯಿದೆ. ರಕ್ತನಾಳ ಜೀವಂತ, ತಾನೇ ಹಿಗ್ಗಿ ಕುಗ್ಗುತ್ತದೆ, ಪೈಪಿಗೆ ಅದಾಗದು. ಇದನ್ನು ನಾನು ತರಗತಿಯಲ್ಲಿ ಹೇಳಲು ಮರೆತೆ. ಮುಂದೆ ಈ ಪಾಠ ಮಾಡುವವರು ಮರೆಯಬಾರದು.

4. ನಗು ಬಂದಾಗ ಗದರಲಿಲ್ಲ. ಕೆಲಸ ಕೊಟ್ಟ ಮೇಲೆ ನಗು ತಾನಾಗಿ ನಿಂತಿತು.

5. ಶಿಕ್ಷಕರು ವೈದ್ಯರಲ್ಲ. ಮಗು ಮನೆಯ ಲಕ್ಷಣ ಹೇಳಿದರೆ ‘ಆಸ್ಪತ್ರೆಯಲ್ಲಿ ತೋರಿಸಿ, ಅಳೆಸಿ’ ಎನ್ನುವುದರಲ್ಲಿಯೇ ನಮ್ಮ ಕೆಲಸ ಮುಗಿಯಬೇಕು.

ಅಕ್ಕನಿಗೆ ಈಗ ಎರಡನೇ ಬಸಿರು. ಈ ಪಾಠದ ಟಿಪ್ಪಣಿಯನ್ನು ಅವಳಿಗೆ ಓದಿಹೇಳಿದೆ. ಅವಳು ಕೇಳಿ, ಒಳಗೆ ಹೋಗಿ ತಾಯಿ ಕಾರ್ಡ್ ತಂದು ನನ್ನ ಕೈಗಿತ್ತಳು. ಈ ಸಲ ಎಲ್ಲ ಸಾಲುಗಳೂ ತುಂಬಿವೆ. ಮುಂದಿನ ತಪಾಸಣೆಗೆ ನಾನೇ ಜೊತೆಗೆ ಹೋಗುತ್ತಿದ್ದೇನೆ.